ಹಾಲ್‌ಸ್ಟಾಟ್: ಉಪ್ಪಿನ ಬೆಟ್ಟದ ಊರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರಿಯಾದ ಹಾಲ್‌ಸ್ಟಾಟ್ ಅಂದ ಕೂಡಲೇ ಬಹಳ ಜನರಿಗೆ ನೆನಪಾಗುವುದು ಒಂದೇ ಫೋಟೋ. ಸರೋವರ, ಚೂಪು ಗೋಪುರದ ಚರ್ಚು, ಹಿಂದೆ ಬೆಟ್ಟ. ಆ ಫೋಟೋ ನೋಡಿದವರು ಕೇಳುವ ಪ್ರಶ್ನೆ ಒಂದು ಥರ, ಅಲ್ಲಿನ ಗಣಿಯ ಬಗ್ಗೆ ಸ್ವಲ್ಪ ಓದಿಕೊಂಡವರು ಕೇಳುವುದು ಇನ್ನೊಂದು ಥರ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಎರಡೂ ಬಗೆಯ ಪ್ರಶ್ನೆಗಳು ಇಲ್ಲಿವೆ. ಸುಲಭವಾದವು ಮೊದಲು ಬರುತ್ತವೆ. ಉತ್ತರಗಳು ಸರೋವರಕ್ಕಿಂತ ಉಪ್ಪಿನ ಕಡೆಗೇ ಹೆಚ್ಚು ವಾಲಿರುತ್ತವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

## ಮೊದಲ ಪರಿಚಯ

ಈ ಊರು ಸರಿಯಾಗಿ ಎಲ್ಲಿದೆ? ಎಷ್ಟು ದೊಡ್ಡದು?

ಆಸ್ಟ್ರಿಯಾದ ಅಪ್ಪರ್ ಆಸ್ಟ್ರಿಯಾ ರಾಜ್ಯದಲ್ಲಿ, ಸಾಲ್ಜ್‌ಕಾಮರ್‌ಗುಟ್ ಎಂಬ ಬೆಟ್ಟ ಮತ್ತು ಸರೋವರಗಳ ಸೀಮೆಯಲ್ಲಿದೆ. ಊರಿನ ಎತ್ತರ ಸಮುದ್ರಮಟ್ಟದಿಂದ ಸುಮಾರು 510 ಮೀಟರ್. ಹತ್ತಿರದ ಡಾಖ್‌ಸ್ಟೈನ್ ಶಿಖರದ ಎತ್ತರ 2,995 ಮೀಟರ್. ಊರಿನ ಜನಸಂಖ್ಯೆ ಏಳೆಂಟು ನೂರು, ಅಷ್ಟೇ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಆರಾಮಾಗಿ ನಡೆದುಬಿಡಬಹುದು.

ಉಪ್ಪು ಸಮುದ್ರದಲ್ಲಿ ಇರೋದಲ್ವಾ? ಬೆಟ್ಟದೊಳಗೆ ಹೇಗೆ ಬಂತು?

ಸಮುದ್ರದಿಂದಲೇ ಬಂತು. ಸುಮಾರು 25 ಕೋಟಿ ವರ್ಷಗಳ ಹಿಂದೆ ಈ ಕಡೆ ಆಳವಿಲ್ಲದ ಸಮುದ್ರದ ಹಿನ್ನೀರು ಇತ್ತು. ಬಿಸಿಲು ಜೋರಾಗಿತ್ತು. ನೀರು ಒಣಗುತ್ತಾ ಹೋದ ಹಾಗೆ ತಳದಲ್ಲಿ ಉಪ್ಪು, ಜಿಪ್ಸಮ್, ಜೇಡಿಮಣ್ಣು ಪದರ ಪದರವಾಗಿ ಕೂತವು. ಅದರ ಮೇಲೆ ಕೋಟ್ಯಂತರ ವರ್ಷ ಸುಣ್ಣದ ಕಲ್ಲು ಬೆಳೆಯಿತು. ಆಮೇಲೆ ಆಫ್ರಿಕಾ ಕಡೆಯ ಭೂಫಲಕ ಯುರೋಪಿನ ಕಡೆಗೆ ಒತ್ತುತ್ತಾ ಬಂದು ಆಲ್ಪ್ಸ್ ಎದ್ದಿತು.

ಉಪ್ಪಿಗೆ ಒಂದು ವಿಚಿತ್ರ ಗುಣ ಇದೆ. ಭಾರೀ ಒತ್ತಡ ಬಿದ್ದರೆ ಅದು ಒಡೆಯುವ ಬದಲು ನಿಧಾನವಾಗಿ ಹರಿಯುತ್ತದೆ. ಮೇಲಿನ ಬಂಡೆಗಳ ತೂಕಕ್ಕೆ ಅದು ಟ್ಯೂಬಿನಿಂದ ಹಿಂಡಿದ ಪೇಸ್ಟಿನ ಹಾಗೆ ಮೇಲೆ, ಪಕ್ಕಕ್ಕೆ ನುಗ್ಗಿತು. ನುಗ್ಗುವಾಗ ಜೇಡಿಮಣ್ಣಿನ ಜೊತೆ ಕಲಸಿಹೋಯಿತು. ಹಾಗಾಗಿ ಇಲ್ಲಿ ಶುದ್ಧ ಉಪ್ಪಿನ ಗೋಡೆ ಎಲ್ಲೆಲ್ಲೂ ಸಿಗುವುದಿಲ್ಲ. ಉಪ್ಪು, ಮಣ್ಣು, ಜಿಪ್ಸಮ್ ಸೇರಿದ ಗಟ್ಟಿ ಮಿಶ್ರಣ ಸಿಗುತ್ತದೆ. ಭೂವಿಜ್ಞಾನಿಗಳು ಇದಕ್ಕೆ ಹಾಸೆಲ್‌ಗೆಬಿರ್ಗ ಎನ್ನುತ್ತಾರೆ. ಈ ಮಿಶ್ರಣದ ವಿಷಯ ನೆನಪಿನಲ್ಲಿರಲಿ. ಇಲ್ಲಿ ಉಪ್ಪನ್ನು ಯಾಕೆ ನೀರು ಹಾಕಿ ತೆಗೆಯುತ್ತಾರೆ ಅನ್ನುವುದಕ್ಕೆ ಇದೇ ಕಾರಣ.

ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಯಾರಾದ್ರೂ ಊರು ಕಟ್ಟುತ್ತಾರಾ?

ಉಪ್ಪು ಇಲ್ಲದಿದ್ದರೆ ಕಟ್ಟುತ್ತಿರಲಿಲ್ಲ. ಬೇಸಾಯಕ್ಕೆ ಜಾಗ ಇಲ್ಲ. ಚಳಿಗಾಲದಲ್ಲಿ ಬೆಟ್ಟ ಅಡ್ಡ ಬಂದು ಬಿಸಿಲೂ ಸರಿಯಾಗಿ ಬೀಳುವುದಿಲ್ಲ. ಸರೋವರದ ದಂಡೆಯಿಂದ ಸೀದಾ ಇಳಿಜಾರು ಶುರುವಾಗುತ್ತದೆ. ಮನೆಗಳು ಒಂದರ ತಲೆಯ ಮೇಲೆ ಇನ್ನೊಂದು ಅನ್ನುವ ಹಾಗೆ ನಿಂತಿವೆ. ಕೆಲವು ಮನೆಗಳಿಗೆ ಕೆಳಗಿನ ಬೀದಿಯಿಂದ ಒಂದು ಬಾಗಿಲು, ಮೇಲಿನ ಓಣಿಯಿಂದ ಇನ್ನೊಂದು. ಹಣ್ಣಿನ ಮರವನ್ನು ಅಂಗಳದಲ್ಲಿ ಬೆಳೆಸಲು ಜಾಗ ಇಲ್ಲದೆ ಗೋಡೆಗೆ ಒರಗಿಸಿ ಹಬ್ಬಿಸಿದ್ದಾರೆ.

ಗಣಿ ಇರುವುದು ಊರಿನ ತಲೆಯ ಮೇಲಿನ ಎತ್ತರದ ಕಣಿವೆಯಲ್ಲಿ. ದೋಣಿ ಹತ್ತುವುದು ಊರಿನ ಪಾದದಲ್ಲಿ. ಇವೆರಡರ ನಡುವೆ ಸಿಕ್ಕ ಚೂರು ಜಾಗದಲ್ಲಿ ಕೆಲಸದವರು ಮನೆ ಮಾಡಿಕೊಂಡರು. 1890ರಲ್ಲಿ ದಂಡೆಯ ರಸ್ತೆ ಆಗುವ ತನಕ ಇಲ್ಲಿಗೆ ಬರಲು ದೋಣಿ, ಇಲ್ಲಾ ಕಾಲುದಾರಿ. ಚಪ್ಪಟೆ ತಳದ ಮರದ ದೋಣಿಗಳಲ್ಲೇ ಉಪ್ಪು ಹೊರಗೆ ಹೋಗುತ್ತಿತ್ತು, ಧಾನ್ಯ ಒಳಗೆ ಬರುತ್ತಿತ್ತು.

ಗಣಿ ಈಗಲೂ ನಡೀತಿದೆಯಾ, ಇಲ್ಲಾ ಸುಮ್ನೆ ಟೂರಿಸ್ಟ್‌ಗಳಿಗೆ ತೋರಿಸೋಕೆ ಇಟ್ಟಿದ್ದಾರಾ?

ನಡೆಯುತ್ತಿದೆ. ಪ್ರವಾಸಿಗರು ನೋಡುವುದು ಹಳೆಯ ಸುರಂಗಗಳ ಒಂದು ಭಾಗವನ್ನು ಮಾತ್ರ. ಉತ್ಪಾದನೆ ಬೇರೆ ಕಡೆ, ಅವರ ಕಣ್ಣಿಗೆ ಬೀಳದ ಹಾಗೆ ನಡೆಯುತ್ತದೆ. ಈಗಲೂ ಕೆಲಸ ಮಾಡುತ್ತಿರುವ ಉಪ್ಪಿನ ಗಣಿಗಳಲ್ಲಿ ಜಗತ್ತಿನಲ್ಲೇ ಅತಿ ಹಳೆಯದು ಎಂದು ಇದನ್ನು ಕರೆಯುತ್ತಾರೆ. ಬಹಳ ಕಾಲ ಉಪ್ಪು ಆಸ್ಟ್ರಿಯಾ ಸರ್ಕಾರದ ಏಕಸ್ವಾಮ್ಯವಾಗಿತ್ತು. 1995ರಲ್ಲಿ ದೇಶ ಯುರೋಪಿಯನ್ ಒಕ್ಕೂಟ ಸೇರಿದಾಗ ಅದು ಕೊನೆಗೊಂಡಿತು. 1997ರಲ್ಲಿ ಉಪ್ಪಿನ ಕಂಪನಿ ಖಾಸಗಿಯವರ ಕೈಗೆ ಹೋಯಿತು.

ಹಾಗಾದ್ರೆ ಊರಿನವರೆಲ್ಲ ಗಣಿ ಕೆಲಸದವರಾ?

ಒಂದು ಕಾಲಕ್ಕೆ ಹೆಚ್ಚುಕಡಿಮೆ ಹೌದು. ಈಗ ಯಂತ್ರ ಬಂದು ಗಣಿಗೆ ಬೇಕಾದ ಕೈಗಳು ಕಡಿಮೆಯಾಗಿವೆ. ಹೆಚ್ಚಿನವರ ಜೀವನ ಪ್ರವಾಸೋದ್ಯಮದ ಮೇಲೆ. ಆದರೆ ಇಲ್ಲಿ 1873ರಲ್ಲಿ ಶುರುವಾದ ಒಂದು ಮರಗೆಲಸದ ಶಾಲೆ ಇದೆ. ಪೀಠೋಪಕರಣ, ದೋಣಿ, ಸಂಗೀತ ವಾದ್ಯ ಮಾಡುವುದನ್ನು ಇವತ್ತಿಗೂ ಕಲಿಸುತ್ತದೆ. ಫೋಟೋ ತೆಗೆಯಲು ಬಂದವರು ಇದರ ಕಡೆ ತಿರುಗಿಯೂ ನೋಡುವುದಿಲ್ಲ ಅನ್ನುವುದು ನನ್ನ ದೂರು.

## ತುಂಬಾ ಹಳೆಯ ಕಾಲ

ಏಳು ಸಾವಿರ ವರ್ಷ ಹಳೆಯದು ಅಂತಾರಲ್ಲ, ಸಾಕ್ಷಿ ಏನಿದೆ?

ಏಳು ಸಾವಿರ ಅನ್ನುವುದಕ್ಕೆ ಆಧಾರ ಜಿಂಕೆ ಕೊಂಬಿನ ಒಂದು ಗುದ್ದಲಿ. ಅದು ಸಿಕ್ಕಿದ್ದು 1838ರಲ್ಲಿ. ಕಾಲ ಸುಮಾರು ಕ್ರಿ.ಪೂ. 5000 ಎಂದು ಗೊತ್ತಾಗಿದೆ. ಅದರಿಂದ ಗಣಿಯನ್ನೇ ತೋಡಿದರಾ, ಇಲ್ಲಾ ಉಪ್ಪು ನೀರಿನ ಊಟೆಯ ಬಾಯಿ ಬಿಡಿಸಿದರಾ ಅನ್ನುವುದನ್ನು ಒಂದು ಗುದ್ದಲಿ ಹೇಳಲಾರದು. ಆದ್ದರಿಂದ ಈ ಅಂಕಿಯನ್ನು ಸ್ವಲ್ಪ ಎಚ್ಚರಿಕೆಯಿಂದ ತೆಗೆದುಕೊಳ್ಳಿ.

ಕಂಚಿನ ಯುಗಕ್ಕೆ ಬಂದರೆ ಯಾವ ಅನುಮಾನವೂ ಇಲ್ಲ. ಆಗ ನೂರು ಮೀಟರಿಗಿಂತ ಆಳಕ್ಕೆ ಇಳಿಯುವ ಬಾವಿಯಂಥ ಗುಂಡಿಗಳನ್ನು ತೋಡಿ ಉಪ್ಪು ತೆಗೆಯುತ್ತಿದ್ದರು. 2003ರಲ್ಲಿ ಗಣಿಯೊಳಗೆ ಒಂದು ಮರದ ಮೆಟ್ಟಿಲು ಸಿಕ್ಕಿತು. ಎಂಟು ಮೀಟರ್ ಉದ್ದ, ಒಂದು ಮೀಟರಿಗಿಂತ ಹೆಚ್ಚು ಅಗಲ. ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ನೋಡಿದಾಗ, ಆ ಮರಗಳನ್ನು ಕಡಿದದ್ದು ಕ್ರಿ.ಪೂ. 1344–1343ರಲ್ಲಿ ಎಂದು ತಿಳಿಯಿತು. ಯುರೋಪಿನಲ್ಲಿ ಇದುವರೆಗೆ ಸಿಕ್ಕ ಮರದ ಮೆಟ್ಟಿಲುಗಳಲ್ಲಿ ಇದೇ ಹಳೆಯದು.

ಆಗ ಕೆಲಸ ಹೇಗೆ ಮಾಡ್ತಿದ್ರು? ಗುಲಾಮರ ಕೈಲಿ ಮಾಡಿಸ್ತಿದ್ರಾ?

ಗುಲಾಮರ ಊಹೆ ಹಳೆಯದು. ಸಿಕ್ಕ ಸಾಕ್ಷಿ ಬೇರೆಯದೇ ಹೇಳುತ್ತದೆ. ಇಲ್ಲಿನ ಸಮಾಧಿಗಳಲ್ಲಿ ಸಿಕ್ಕ ಮೂಳೆಗಳ ಮೇಲೆ ವರ್ಷಾನುಗಟ್ಟಲೆ ಭಾರ ಹೊತ್ತ, ಗುದ್ದಲಿ ಬೀಸಿದ ಗುರುತುಗಳಿವೆ. ಅದೇ ಸಮಾಧಿಗಳಲ್ಲಿ ಕಂಚಿನ ಪಾತ್ರೆ, ಒಡವೆ, ಕತ್ತಿಗಳೂ ಇವೆ. ಅಂದರೆ ಮೈ ಬಗ್ಗಿಸಿ ದುಡಿದವರೂ ಸ್ಥಿತಿವಂತರೂ ಒಬ್ಬರೇ. ಹೆಂಗಸರ ಮೂಳೆಗಳಲ್ಲೂ ಭಾರ ಹೊತ್ತ ಗುರುತಿದೆ. ಮಕ್ಕಳ ಕುತ್ತಿಗೆಯ ಮೂಳೆಗಳೂ ಸವೆದಿವೆ. ಎಳೆ ವಯಸ್ಸಿನಲ್ಲೇ ತಲೆಯ ಮೇಲೆ ಹೊರೆ ಹೊತ್ತಿರಬೇಕು. ಇದನ್ನು ಓದಿದಾಗ ಆ ಸಮೃದ್ಧಿಯ ಬಗ್ಗೆ ಮೆಚ್ಚಿ ಮಾತಾಡುವುದು ಸ್ವಲ್ಪ ಕಷ್ಟವಾಗುತ್ತದೆ.

ಕೆಲಸದ ಕ್ರಮ ಕಂಚಿನ ಯುಗದಲ್ಲೇ ತುಂಬಾ ಅಚ್ಚುಕಟ್ಟಾಗಿತ್ತು. ಕಂಚಿನ ಮೊನೆಯ ಗುದ್ದಲಿಯಿಂದ ಉಪ್ಪನ್ನು ಚೂರು ಮಾಡುತ್ತಿದ್ದರು. ಅದನ್ನು ಬಾಚಿ ಹಸಿ ತೊಗಲಿನ ಚೀಲಕ್ಕೆ ತುಂಬುತ್ತಿದ್ದರು. ಚೀಲಕ್ಕೆ ಒಂದು ಹೆಗಲಿಗೆ ಮಾತ್ರ ಪಟ್ಟಿ, ಇನ್ನೊಂದು ಕಡೆ ಹಿಡಿಯಲು ಮರದ ಕೋಲು. ಕೋಲು ಬಿಟ್ಟರೆ ಚೀಲ ತಾನೇ ಮಗುಚಿ ಖಾಲಿಯಾಗುತ್ತದೆ, ಬೆನ್ನಿಂದ ಇಳಿಸಬೇಕಾಗಿಲ್ಲ. ಅಲ್ಲಿಂದ ಮೇಲಕ್ಕೆ ಮರದ ನಾರಿನ ಹಗ್ಗ ಕಟ್ಟಿ ಎಳೆಯುತ್ತಿದ್ದರು. ಬೆಳಕಿಗೆ ತೆಳುವಾಗಿ ಸೀಳಿದ ಮರದ ಚಕ್ಕೆಗಳು. ಉರಿದು ಉಳಿದ ಚಕ್ಕೆಗಳ ರಾಶಿ ಈಗಲೂ ಉಪ್ಪಿನೊಳಗೆ ಹುದುಗಿಕೊಂಡಿದೆ.

ಕಬ್ಬಿಣದ ಯುಗಕ್ಕೆ ಬರುವಾಗ ಪದ್ಧತಿ ಬದಲಾಯಿತು. ಆಗ ಗೋಡೆಯ ಮೇಲೆ ಹೃದಯದ ಆಕಾರಕ್ಕೆ ಗೀರು ಕೊರೆದು ಉಪ್ಪಿನ ದೊಡ್ಡ ಹೆಂಟೆಗಳನ್ನೇ ಎಬ್ಬಿಸುತ್ತಿದ್ದರು. ಆ ಆಕಾರದ ಗುರುತು ಕೆಲವು ಗೋಡೆಗಳ ಮೇಲೆ ಹಾಗೇ ಇದೆ.

ಅವರು ಏನು ತಿಂತಿದ್ರು ಅಂತ ಹೇಗೆ ಗೊತ್ತಾಯ್ತು?

ಮುಜುಗರ ಬೇಡ, ಅವರ ಮಲದಿಂದ. ಗಣಿಯೊಳಗೇ ಶೌಚ ಮಾಡುತ್ತಿದ್ದರು, ಉಪ್ಪು ಅದನ್ನೂ ಕಾಪಾಡಿತು. ಬಾರ್ಲಿ, ನವಣೆಯ ಜಾತಿಯ ಸಣ್ಣ ಧಾನ್ಯ, ದಪ್ಪ ಅವರೆಯಂಥ ಕಾಳು, ಮಾಂಸ ಸೇರಿಸಿ ಗಂಜಿಯ ಹಾಗೆ ಬೇಯಿಸಿ ತಿನ್ನುತ್ತಿದ್ದರು. 2021ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕಬ್ಬಿಣದ ಯುಗದ ಮಲದ ಮಾದರಿಯೊಂದರಲ್ಲಿ ನೀಲಿ ಚೀಸ್ ಮಾಡುವ ಬೂಸ್ಟು ಮತ್ತು ಬಿಯರ್ ಹುದುಗಿಸುವ ಯೀಸ್ಟ್ ಎರಡೂ ಪತ್ತೆಯಾದವು. ಗಣಿ ಕೆಲಸಗಾರರ ಊಟದಲ್ಲಿ ಚೀಸೂ ಬಿಯರೂ ಇತ್ತು ಅಂತಾಯಿತು.

ಎತ್ತರದ ಕಣಿವೆಯಲ್ಲಿ ದಿಮ್ಮಿಗಳಿಂದ ಕಟ್ಟಿದ ಕಂಚಿನ ಯುಗದ ತೊಟ್ಟಿಗಳೂ, ರಾಶಿ ರಾಶಿ ಹಂದಿ ಮೂಳೆಗಳೂ ಸಿಕ್ಕಿವೆ. ಅಲ್ಲಿ ಹಂದಿ ಮಾಂಸಕ್ಕೆ ಉಪ್ಪು ಹಾಕಿ ದೊಡ್ಡ ಪ್ರಮಾಣದಲ್ಲಿ ಕೆಡದ ಹಾಗೆ ಮಾಡುತ್ತಿದ್ದರು. ಬರೀ ಉಪ್ಪು ಮಾರುವುದಕ್ಕಿಂತ ಉಪ್ಪು ಹಾಕಿದ ಮಾಂಸ ಮಾರುವುದು ಲಾಭ ಅನ್ನುವ ಲೆಕ್ಕ ಆಗಲೇ ಗೊತ್ತಿತ್ತು ಅನಿಸುತ್ತದೆ.

ಉಪ್ಪಿನಲ್ಲಿ ಸಿಕ್ಕ ಶವದ ಕತೆ ನಿಜವಾ?

ನಿಜ. 1734ರಲ್ಲಿ ಗಣಿ ಕುಸಿದ ಜಾಗದಲ್ಲಿ ಬಂಡೆಗೆ ಅಂಟಿಕೊಂಡ ಹಾಗೆ ಒಬ್ಬ ಮನುಷ್ಯನ ದೇಹ ಕಾಣಿಸಿತು. ಬಟ್ಟೆ ತುಣುಕುಗಳೂ ಇದ್ದವು. ಅದು ಎಷ್ಟೋ ಶತಮಾನ ಹಿಂದಿನದು ಎಂದು ಅಲ್ಲಿನವರಿಗೆ ಹೊಳೆದಿತ್ತು. ಆದರೆ ಅಧ್ಯಯನ ಮಾಡುವ ಕಾಲ ಅದಲ್ಲ. ಕ್ರೈಸ್ತನೋ ಅಲ್ಲವೋ ಗೊತ್ತಿಲ್ಲ ಅಂತ ಸ್ಮಶಾನದ ಒಂದು ಮೂಲೆಯಲ್ಲಿ ಹೂತುಬಿಟ್ಟರು. ಮಣ್ಣಿಗೆ ಬಿದ್ದ ಮೇಲೆ ಉಳಿಯುವುದೇನಿದೆ? ದಾಖಲೆಯ ನಾಲ್ಕು ಸಾಲು ಮಾತ್ರ ಉಳಿಯಿತು.

ಇತಿಹಾಸದಲ್ಲಿ 'ಹಾಲ್‌ಸ್ಟಾಟ್ ಕಾಲ' ಅಂತ ಬರುತ್ತಲ್ಲ, ಅದು ಈ ಊರೇನಾ?

ಇದೇ ಊರು. 1846ರಲ್ಲಿ ಗಣಿಯ ಮೇಲಧಿಕಾರಿ ಯೊಹಾನ್ ಗೆಯೋರ್ಗ್ ರಾಮ್‌ಸೌವರ್‌ಗೆ ಎತ್ತರದ ಕಣಿವೆಯಲ್ಲಿ ಹಳೆಯ ಸಮಾಧಿಗಳು ಕಂಡವು. ನಿಧಿ ಹುಡುಕುವವರ ಹಾಗೆ ಅಗೆದು ಬಿಸಾಡದೆ, 1863ರವರೆಗೆ ಸುಮಾರು 980 ಸಮಾಧಿಗಳನ್ನು ಒಂದೊಂದಾಗಿ ತೆಗೆಸಿದರು. ಪ್ರತಿಯೊಂದಕ್ಕೂ ನಂಬರ್, ವಿವರ, ಬಣ್ಣದ ಚಿತ್ರ. ಚಿತ್ರಗಳನ್ನು ಬರೆದವರು ಗಣಿಯಲ್ಲೇ ಕೆಲಸ ಮಾಡುತ್ತಿದ್ದ ಇಸಿಡೋರ್ ಎಂಗ್ಲ್. ಪುರಾತತ್ವ ಇನ್ನೂ ಒಂದು ಶಾಸ್ತ್ರವಾಗಿ ನೆಲೆಗೊಳ್ಳದ ಕಾಲದಲ್ಲಿ ಇದು ನಡೆಯಿತು ಅನ್ನುವುದನ್ನು ಗಮನಿಸಿ.

ಸಮಾಧಿಗಳಲ್ಲಿ ಬಾಲ್ಟಿಕ್ ಕಡೆಯ ಅಂಬರ್ ಮಣಿಗಳು, ಆನೆ ದಂತದ ಹಿಡಿಕೆಯ ಕತ್ತಿಗಳು ಇದ್ದವು. ಈ ಮೂಲೆ ಕಣಿವೆಗೆ ಅವು ಬಂದದ್ದು ಉಪ್ಪಿನ ವ್ಯಾಪಾರದಿಂದ. ಇಲ್ಲಿ ಸಿಕ್ಕ ವಸ್ತುಗಳು ಅಷ್ಟು ವಿಶಿಷ್ಟವಾಗಿದ್ದವು. ಹಾಗಾಗಿ ಮಧ್ಯ ಯುರೋಪಿನ ಮೊದಲ ಕಬ್ಬಿಣದ ಯುಗಕ್ಕೆ, ಅಂದರೆ ಸುಮಾರು ಕ್ರಿ.ಪೂ. 800ರಿಂದ 450ರವರೆಗಿನ ಕಾಲಕ್ಕೆ, ಈ ಊರಿನ ಹೆಸರೇ ನಿಂತಿತು. ವಿಯೆನ್ನಾದ ನೈಸರ್ಗಿಕ ಇತಿಹಾಸ ಸಂಗ್ರಹಾಲಯದವರು ಇವತ್ತಿಗೂ ಇಲ್ಲಿ ಉತ್ಖನನ ಮಾಡುತ್ತಿದ್ದಾರೆ.

## ಉಪ್ಪು ತೆಗೆಯುವ ರೀತಿ

ಈಗ ಉಪ್ಪನ್ನು ಅಗೆದು ಲಾರಿಗೆ ತುಂಬ್ತಾರಾ?

ಇಲ್ಲ. ಉಪ್ಪು ಮಣ್ಣಿನ ಜೊತೆ ಬೆರೆತಿರುವುದರಿಂದ ಅಗೆದರೆ ಮತ್ತೆ ಬೇರ್ಪಡಿಸುವ ತಲೆನೋವು. ಅದಕ್ಕೇ ಮಧ್ಯಯುಗದಿಂದ ಬೇರೆ ಉಪಾಯ. ಬೆಟ್ಟದೊಳಗೆ ಪೊಳ್ಳು ಮಾಡಿ ಸಿಹಿನೀರು ಬಿಡುತ್ತಾರೆ. ನೀರು ಛಾವಣಿ ಮತ್ತು ಗೋಡೆಯ ಉಪ್ಪನ್ನು ಕರಗಿಸಿಕೊಳ್ಳುತ್ತದೆ. ಮಣ್ಣು ತಾನಾಗಿ ತಳಕ್ಕೆ ಕೂರುತ್ತದೆ. ಒಂದು ಲೀಟರಿಗೆ ಸುಮಾರು 310 ಗ್ರಾಂ ಉಪ್ಪು ಸೇರಿದ ಮೇಲೆ ಇನ್ನು ಕರಗುವುದಿಲ್ಲ. ಆಗ ಆ ಉಪ್ಪುನೀರನ್ನು ಹೊರಗೆ ತೆಗೆದು, ನೀರನ್ನು ಆವಿ ಮಾಡಿದರೆ ಬಿಳಿ ಉಪ್ಪು ಉಳಿಯುತ್ತದೆ. ಈಗ ಕೊಳವೆ ಕೊರೆದು ಅದರ ಮೂಲಕವೇ ನೀರು ಇಳಿಸಿ, ಉಪ್ಪುನೀರು ಮೇಲೆತ್ತುತ್ತಾರೆ. ಮೂಲ ಉಪಾಯ ಅದೇ.

ಪ್ರಪಂಚದ ಅತಿ ಹಳೆಯ ಪೈಪ್‌ಲೈನ್ ಇಲ್ಲಿದೆ ಅಂತ ಕೇಳಿದೆ. ಅದು ಯಾಕೆ ಬೇಕಾಯ್ತು?

ಸೌದೆ ಸಾಕಾಗಲಿಲ್ಲ, ಅದಕ್ಕೆ. ಉಪ್ಪುನೀರು ಕುದಿಸುವ ದೊಡ್ಡ ಕಬ್ಬಿಣದ ಬಾಣಲೆಗಳಿಗೆ ಹಗಲು ರಾತ್ರಿ ಉರಿ ಬೇಕು. ಸುತ್ತಲಿನ ಕಾಡು ಇಷ್ಟನ್ನು ತಡೆಯಲಿಲ್ಲ. ಸೌದೆಯನ್ನು ಬೆಟ್ಟದ ಮೂಲೆಗೆ ಹೊತ್ತು ತರುವ ಬದಲು ಉಪ್ಪುನೀರನ್ನೇ ಕಾಡಿರುವ ಕಡೆ ಕಳಿಸಿದರೆ ಹೇಗೆ ಅನ್ನುವ ಯೋಚನೆ ಬಂತು. 1595ರಿಂದ 1607ರವರೆಗೆ ಕೆಲಸ ನಡೆದು, ಹಾಲ್‌ಸ್ಟಾಟ್‌ನಿಂದ ಎಬೆನ್‌ಸೇ ಊರಿನವರೆಗೆ ಸುಮಾರು 40 ಕಿಲೋಮೀಟರ್ ಉದ್ದದ ಕೊಳವೆ ಸಾಲು ಸಿದ್ಧವಾಯಿತು. ಮರದ ಬೊಡ್ಡೆಗಳ ಒಳಗನ್ನು ಉದ್ದಕ್ಕೂ ಕೊರೆದು ಒಂದಕ್ಕೊಂದು ಜೋಡಿಸಿದ್ದರು. ಒಟ್ಟು ಸುಮಾರು 13,000 ಬೊಡ್ಡೆಗಳು. ಪಂಪು ಇಲ್ಲ. ಇಳಿಜಾರನ್ನು ಹದವಾಗಿ ಕಾಯ್ದುಕೊಂಡು ಬರೀ ಹರಿವಿನ ಮೇಲೆ ನಡೆಸಿದರು. 400 ವರ್ಷಗಳ ಹಿಂದೆ ಬೆಟ್ಟದ ಮಗ್ಗುಲಲ್ಲಿ ಅಷ್ಟು ಉದ್ದಕ್ಕೆ ಆ ಮಟ್ಟ ಹಿಡಿಯುವುದು ಸಣ್ಣ ವಿಷಯ ಅಲ್ಲ.

ಗೋಸೌ ಹೊಳೆಯ ಕಂದರ ಅಡ್ಡ ಬಂದ ಕಡೆ, 1757ರಲ್ಲಿ ಎತ್ತರದ ಕಲ್ಲಿನ ಕಂಬಗಳ ಮೇಲೆ ಸೇತುವೆ ಕಟ್ಟಿ ಕೊಳವೆಯನ್ನು ದಾಟಿಸಿದರು. ಮರದ ಜಾಗಕ್ಕೆ ಬೇರೆ ಕೊಳವೆಗಳು ಬಂದಿವೆ, ಆದರೆ ಉಪ್ಪುನೀರು ಈಗಲೂ ಎಬೆನ್‌ಸೇಗೇ ಹೋಗುತ್ತದೆ. ಹಳೆಯ ಕೊಳವೆಯ ದಾರಿಯಲ್ಲಿ ನಡೆದು ಹೋಗಬಹುದು. ಸರೋವರದ ನೋಟವೂ ಸಿಗುತ್ತದೆ, ಜನರೂ ಕಡಿಮೆ.

ಗುಲಾಬಿ ಬಣ್ಣದ ಉಪ್ಪು ಇಲ್ಲೂ ಸಿಗುತ್ತಾ? ಕಲ್ಲುಪ್ಪು ಆರೋಗ್ಯಕ್ಕೆ ಒಳ್ಳೇದಲ್ವಾ?

ಗಣಿಯ ಗೋಡೆಗಳಲ್ಲಿ ಕೆಂಪು, ಕಿತ್ತಳೆ ಛಾಯೆಯ ಉಪ್ಪು ಕಾಣುತ್ತದೆ. ಬಣ್ಣ ಬರುವುದು ಕಬ್ಬಿಣದ ಅಂಶದಿಂದ. ಕರಗಿಸಿ, ಶುದ್ಧ ಮಾಡಿ, ಆವಿ ಮಾಡಿದ ಮೇಲೆ ಸಿಗುವುದು ಬಿಳಿ ಉಪ್ಪೇ. ಆರೋಗ್ಯದ ಮಾತಿಗೆ ಬಂದರೆ, ಆಲ್ಪ್ಸ್ ಕಡೆಯ ಮಣ್ಣಿನಲ್ಲಿ ಅಯೋಡಿನ್ ಕಡಿಮೆ. ಅಲ್ಲಿನವರಿಗೆ ಹಿಂದೆ ಗಳಗಂಡ ಬಹಳ ಕಾಡಿತ್ತು. ಅದಕ್ಕೆ ಆಸ್ಟ್ರಿಯಾ 1963ರಿಂದ ಅಡುಗೆ ಉಪ್ಪಿಗೆ ಅಯೋಡಿನ್ ಸೇರಿಸುತ್ತಿದೆ, 1990ರಲ್ಲಿ ಪ್ರಮಾಣ ಹೆಚ್ಚಿಸಿತು. ಬೆಟ್ಟದ ತುಂಬಾ ಉಪ್ಪಿದ್ದ ದೇಶವೇ ಹೀಗೆ ಮಾಡಿತು ಅನ್ನುವುದು ಕಲ್ಲುಪ್ಪಿನ ಪ್ರಚಾರಕರಿಗೆ ಸಾಕಷ್ಟು ಉತ್ತರ.

## ಊರು, ದೊರೆ, ದೇವರು

ಈ ಸೀಮೆಗೆ ರಾಜರ ಅಪ್ಪಣೆ ಇಲ್ಲದೆ ಬರುವಂತಿರಲಿಲ್ಲ ಅಂತಾರೆ, ಹೌದಾ?

ಬಹಳ ಕಾಲ ಹೌದು. 1311ರಲ್ಲಿ, ರಾಜ ಮೊದಲನೇ ಆಲ್ಬ್ರೆಕ್ಟ್‌ನ ವಿಧವೆ ರಾಣಿ ಎಲಿಜಬೆತ್ ಇಲ್ಲಿನ ಉಪ್ಪಿನ ಕೆಲಸವನ್ನು ಹೊಸದಾಗಿ ಸಂಘಟಿಸಿ, ಊರಿಗೆ ಪೇಟೆಯ ಹಕ್ಕು ಕೊಟ್ಟಳು. ಅಲ್ಲಿಂದ ಮುಂದೆ ಇಡೀ ಸೀಮೆ ಹಾಬ್ಸ್‌ಬರ್ಗ್ ಅರಸರ ಖಜಾನೆಯ ಸ್ವಂತ ಆಸ್ತಿಯಾಯಿತು. ಕಾಡಿನ ಮರ, ಹೊಳೆಯ ನೀರು, ಜನರ ದುಡಿಮೆ ಎಲ್ಲ ಉಪ್ಪಿಗೆ ಮೀಸಲು. ಕಳ್ಳ ಉಪ್ಪು ಹೊರಗೆ ಹೋಗಬಾರದು ಅಂತ ಬಿಗಿ ಕಾವಲು. ಕೆಲಸಗಾರರಿಗೆ ಸೈನ್ಯದ ಸೇವೆಯಿಂದ ವಿನಾಯಿತಿಯಂಥ ಕೆಲವು ಸವಲತ್ತುಗಳಿದ್ದವು. ಅದಕ್ಕೆ ಬದಲಾಗಿ ಸ್ವಾತಂತ್ರ್ಯ ಕಡಿಮೆ.

ಆ ಬಿಕ್ಕಟ್ಟು ಧರ್ಮದ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. ಗಣಿಯವರಲ್ಲಿ ಬಹಳ ಜನ ಪ್ರಾಟೆಸ್ಟಂಟರಾದರು, ಅರಸರು ಕಟ್ಟಾ ಕ್ಯಾಥೊಲಿಕರು. 1734ರಿಂದ ಆರನೇ ಕಾರ್ಲ್ ಚಕ್ರವರ್ತಿ ಈ ಸೀಮೆಯ ಪ್ರಾಟೆಸ್ಟಂಟರನ್ನು ದೂರದ ಟ್ರಾನ್ಸಿಲ್ವೇನಿಯಾಕ್ಕೆ ಗಡೀಪಾರು ಮಾಡಿದ. ಉಳಿದವರು ಗುಟ್ಟಾಗಿ ನಂಬಿಕೆ ಉಳಿಸಿಕೊಂಡರು. 1781ರಲ್ಲಿ ಎರಡನೇ ಯೋಸೆಫ್ ಸಹಿಷ್ಣುತೆಯ ಶಾಸನ ಹೊರಡಿಸಿದ ಮೇಲೆ ಬಹಿರಂಗವಾಗಿ ಪ್ರಾರ್ಥಿಸಬಹುದಾಯಿತು, ಆದರೆ ಗೋಪುರ ಕಟ್ಟುವಂತಿರಲಿಲ್ಲ. ಎಲ್ಲ ಫೋಟೋಗಳಲ್ಲೂ ಕಾಣುವ ಆ ಚೂಪು ಗೋಪುರ 1863ರ ಪ್ರಾಟೆಸ್ಟಂಟ್ ಚರ್ಚಿನದು. ಕ್ಯಾಥೊಲಿಕ್ ಚರ್ಚು ಅದರ ಮೇಲಿನ ಇಳಿಜಾರಿನಲ್ಲಿದೆ, ಅದು ಬಹಳ ಹಳೆಯದು.

ತಲೆಬುರುಡೆಗೆ ಬಣ್ಣ ಹಚ್ಚಿ ಇಟ್ಟಿದ್ದಾರಂತೆ? ಹೆದರಿಸೋಕಾ?

ಹೆದರಿಸಲು ಅಲ್ಲ. ಸ್ಮಶಾನದಲ್ಲಿ ಜಾಗ ಸಾಲದೆ ಬಂದ ಪದ್ಧತಿ. ಕ್ಯಾಥೊಲಿಕರಿಗೆ 1963ರವರೆಗೆ ಶವ ಸುಡಲು ಅನುಮತಿ ಇರಲಿಲ್ಲ. ಹೂಳಲು ಇದ್ದದ್ದು ಒಂದು ಅಂಗೈಯಷ್ಟು ನೆಲ. ಹತ್ತು ಹದಿನೈದು ವರ್ಷ ಆದ ಮೇಲೆ ಸಮಾಧಿ ತೆರೆದು ಮೂಳೆ ತೆಗೆದು ಮುಂದಿನವರಿಗೆ ಜಾಗ ಮಾಡಿಕೊಡುತ್ತಿದ್ದರು. ತೆಗೆದ ತಲೆಬುರುಡೆಯನ್ನು ಬಿಸಿಲಿಗಿಟ್ಟು ಬೆಳ್ಳಗೆ ಮಾಡಿ, ಹೆಸರು, ಇಸವಿ ಬರೆದು, ಎಲೆ ಹೂಗಳ ಚಿತ್ರ ಬಿಡಿಸುತ್ತಿದ್ದರು. ಸೇಂಟ್ ಮೈಕೇಲ್ ಪ್ರಾರ್ಥನಾಲಯದ ಕೆಳಗಿನ ಕೋಣೆಯಲ್ಲಿ ಸುಮಾರು 1,200 ಬುರುಡೆಗಳಿವೆ, ಅದರಲ್ಲಿ ಆರುನೂರಕ್ಕೂ ಹೆಚ್ಚು ಚಿತ್ರ ಬಿಡಿಸಿದವು. ಒಂದೇ ಮನೆತನದವರನ್ನು ಅಕ್ಕಪಕ್ಕ ಇಟ್ಟಿದ್ದಾರೆ. ಕೊನೆಯದನ್ನು ಇಟ್ಟದ್ದು 1995ರಲ್ಲಿ. 1983ರಲ್ಲಿ ತೀರಿಕೊಂಡ ಹೆಂಗಸೊಬ್ಬರ ಕೊನೆಯಾಸೆ ಅದಾಗಿತ್ತು. ಒಳಗೆ ಹೋಗುವವರು ದಯವಿಟ್ಟು ಸೆಲ್ಫಿ ಉತ್ಸಾಹ ಹೊರಗೆ ಬಿಡಿ.

ಹಿಟ್ಲರ್ ಕದ್ದ ಚಿತ್ರಗಳನ್ನು ಬಚ್ಚಿಟ್ಟಿದ್ದು ಇದೇ ಗಣಿಯಲ್ಲಾ?

ಅದು ಇದೇ ಸೀಮೆಯ ಆಲ್ಟೌಸ್ಸೇ ಗಣಿ. 1943ರಿಂದ ಅಲ್ಲಿ 6,500ಕ್ಕೂ ಹೆಚ್ಚು ಚಿತ್ರಗಳನ್ನು ತಂದಿಟ್ಟರು. ಘೆಂಟ್ ನಗರದ ಪ್ರಸಿದ್ಧ ಬಲಿಪೀಠದ ಫಲಕಗಳು, ಮೈಕೆಲಾಂಜೆಲೊ ಕೆತ್ತಿದ ಬ್ರೂಜ್‌ನ ಮಡೋನಾ ಕೂಡ ಅಲ್ಲಿದ್ದವು. ಉಪ್ಪಿನ ಗಣಿಯ ಒಳಗೆ ತಾಪ, ತೇವ ಎರಡೂ ಹೆಚ್ಚು ಏರುಪೇರಾಗುವುದಿಲ್ಲ, ಬಾಂಬಿನ ಭಯವೂ ಇಲ್ಲ. 1945ರ ಏಪ್ರಿಲ್‌ನಲ್ಲಿ ಸ್ಥಳೀಯ ನಾಜಿ ಮುಖಂಡ ಐಗ್ರುಬರ್, ಅಮೃತಶಿಲೆ ಎಂದು ಬರೆದ ಪೆಟ್ಟಿಗೆಗಳಲ್ಲಿ ಬಾಂಬ್ ತುಂಬಿಸಿ ಗಣಿಯೊಳಗೆ ಇಡಿಸಿದ. ಗಣಿ ಕೆಲಸಗಾರರು ಮೇ ತಿಂಗಳಲ್ಲಿ ಅವನ್ನು ಹೊರಗೆ ಸಾಗಿಸಿ, ಸುರಂಗದ ಬಾಯಿಗಳನ್ನು ಸಣ್ಣ ಸ್ಫೋಟಗಳಿಂದ ಮುಚ್ಚಿ ಕಾಪಾಡಿದರು. ಕಲೆಯ ಮೇಲಿನ ಪ್ರೀತಿ ಇತ್ತೋ ಏನೋ. ಗಣಿ ಹೋದರೆ ಅನ್ನ ಹೋಗುತ್ತದೆ ಅನ್ನುವುದಂತೂ ಅವರಿಗೆ ಚೆನ್ನಾಗಿ ಗೊತ್ತಿತ್ತು.

## ನೋಡಲು ಹೋಗುವವರಿಗೆ

ಹೋಗೋದು ಹೇಗೆ? ಒಂದು ದಿನ ಸಾಕಾ?

ರೈಲಿನಲ್ಲಿ ಹೋದರೆ ಆಟ್ನಾಂಗ್-ಪುಖ್‌ಹೈಮ್‌ನಲ್ಲಿ ಬದಲಾಯಿಸಬೇಕು. ಸಾಲ್ಜ್‌ಬರ್ಗ್‌ನಿಂದ ಬಾಡ್ ಇಶ್ಲ್‌ವರೆಗೆ ಬಸ್ಸಿನಲ್ಲಿ ಬಂದು ಅಲ್ಲಿ ರೈಲು ಹಿಡಿಯುವವರೂ ಇದ್ದಾರೆ. 1877ರಲ್ಲಿ ಹಾಕಿದ ಹಳಿ ಸರೋವರದ ಆಚೆ ದಂಡೆಯಲ್ಲಿದೆ. ಸ್ಟೇಷನ್ನಿನಲ್ಲಿ ಇಳಿದು ದೋಣಿಯಲ್ಲಿ ದಾಟಬೇಕು. ನನ್ನ ಕೇಳಿದರೆ ಊರಿಗೆ ಬರಲು ಅದೇ ಸರಿಯಾದ ದಾರಿ. ಕಾರಿನವರು ಊರ ಹೊರಗೆ ನಿಲ್ಲಿಸಿ ನಡೆಯಬೇಕು.

ಬೀದಿ ಮಾತ್ರ ನೋಡಲು ಎರಡು ಗಂಟೆ ಸಾಕು. ಗಣಿ, ಎತ್ತರದ ಕಣಿವೆ, ಸಂಗ್ರಹಾಲಯ, ಕೊಳವೆಯ ದಾರಿ ಎಲ್ಲ ಬೇಕೆಂದರೆ ಒಂದು ರಾತ್ರಿ ಉಳಿಯಿರಿ. ಹಗಲಿನ ಬಸ್ಸುಗಳು ಹೋದ ಮೇಲೆ ಊರು ನೆಮ್ಮದಿಯಾಗಿರುತ್ತದೆ.

ಗಣಿಯೊಳಗೆ ಏನಿರುತ್ತೆ? ಮಕ್ಕಳನ್ನು, ವಯಸ್ಸಾದವರನ್ನು ಕರ್ಕೊಂಡು ಹೋಗಬಹುದಾ?

ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಒಳಗೆ ವರ್ಷಪೂರ್ತಿ ಸುಮಾರು 8 ಡಿಗ್ರಿ. ಬೇಸಿಗೆಯಲ್ಲೂ ಸ್ವೆಟರ್ ಬೇಕು. ಗಣಿಯವರು ಒಂದು ಹಂತದಿಂದ ಕೆಳಗಿನ ಹಂತಕ್ಕೆ ಬೇಗ ಇಳಿಯಲು ಮಾಡಿಕೊಂಡಿದ್ದ ಮರದ ಜಾರುಬಂಡಿಗಳಿವೆ. ದೊಡ್ಡದು 64 ಮೀಟರ್ ಉದ್ದ. ಜಾರಲು ಮನಸ್ಸಿಲ್ಲದವರು ಪಕ್ಕದ ಮೆಟ್ಟಿಲು ಇಳಿಯಬಹುದು. ಮಂಡಿ ನೋವಿದ್ದವರಿಗೆ ಕಷ್ಟವೇ. ಊರಿನಿಂದ ಗಣಿಯ ಕಡೆ ಹತ್ತಿಸುವ ಕೇಬಲ್ ರೈಲು ಮತ್ತು ಗಣಿ ಆಗಾಗ ದುರಸ್ತಿಗೆ ಮುಚ್ಚುತ್ತವೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಚೀನಾದಲ್ಲಿ ಇದರ ನಕಲು ಕಟ್ಟಿದ್ದಾರಂತೆ?

ಕಟ್ಟಿದ್ದಾರೆ. ಗುವಾಂಗ್‌ಡಾಂಗ್ ಪ್ರಾಂತ್ಯದ ಹುಯಿಝೌ ಹತ್ತಿರ, ಚರ್ಚು, ಚೌಕ ಸಮೇತ. 2012ರಲ್ಲಿ ತೆರೆಯಿತು. ಅದೊಂದು ಮನೆ ಮಾರುವ ಯೋಜನೆ. ಮೊದಲು ಹಾಲ್‌ಸ್ಟಾಟ್‌ನವರಿಗೆ ಸಿಟ್ಟು ಬಂದಿತ್ತು, ಆಮೇಲೆ ಇದೂ ಒಂದು ಪ್ರಚಾರ ಎಂದುಕೊಂಡು ಮೇಯರ್ ಉದ್ಘಾಟನೆಗೂ ಹೋಗಿ ಬಂದರು.

ಊರಿನವರು ಪ್ರವಾಸಿಗರ ವಿರುದ್ಧ ಪ್ರತಿಭಟನೆ ಮಾಡಿದ್ದು ಯಾಕೆ? ದುಡ್ಡು ಬರುತ್ತಲ್ವಾ?

ಬರುತ್ತದೆ. ಆದರೆ ಏಳೆಂಟು ನೂರು ಜನರ ಊರಿಗೆ, ದಟ್ಟಣೆಯ ದಿನಗಳಲ್ಲಿ ಹತ್ತು ಸಾವಿರದವರೆಗೆ ಜನ ಬಂದರೆ ಹೇಗಿರುತ್ತದೆ? ಕೋವಿಡ್‌ಗೆ ಮುಂಚೆ ವರ್ಷಕ್ಕೆ ಹತ್ತು ಲಕ್ಷದ ಹತ್ತಿರ ಬರುತ್ತಿದ್ದರು. ಯುನೆಸ್ಕೊ 1997ರಲ್ಲಿ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಜನಪ್ರವಾಹ ಬಂದದ್ದು ಅದರ ಎಷ್ಟೋ ವರ್ಷದ ನಂತರ, ಮೊಬೈಲ್ ಫೋಟೋಗಳ ಕಾಲದಲ್ಲಿ. 2020ರಿಂದ ಪ್ರವಾಸಿ ಬಸ್ಸುಗಳು ಮೊದಲೇ ಸಮಯ ಕಾದಿರಿಸಿಕೊಂಡು ಬರಬೇಕು. 2023ರ ಮೇ ತಿಂಗಳಲ್ಲಿ ಫೋಟೋ ತೆಗೆಯುವ ಜಾಗಕ್ಕೆ ಮರದ ಬೇಲಿ ಹಾಕಿ ನೋಟ ಮುಚ್ಚಿದರು. ಗಲಾಟೆಯಾಗಿ ತೆಗೆದರು. ಅದೇ ಆಗಸ್ಟ್‌ನಲ್ಲಿ ಊರಿನವರು ಸುರಂಗ ರಸ್ತೆಯನ್ನು ಸ್ವಲ್ಪ ಹೊತ್ತು ತಡೆದು ಪ್ರತಿಭಟಿಸಿದರು. ಅವರು ಕೇಳಿದ್ದು ದಿನಕ್ಕೆ ಇಷ್ಟೇ ಬಸ್ಸು, ಸಂಜೆಯ ನಂತರ ಬಸ್ಸು ಬೇಡ ಎಂಬಂಥ ಮಿತಿಗಳನ್ನು. ಅತಿಯಾಸೆ ಅಂತ ನನಗೇನೂ ಅನಿಸುವುದಿಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ಇಷ್ಟು ಸಾವಿರ ವರ್ಷ ತೋಡಿದ ಬೆಟ್ಟ ಕುಸಿಯಲ್ವಾ?

ಕುಸಿದಿದೆ. ಕ್ರಿ.ಪೂ. ನಾಲ್ಕನೇ ಶತಮಾನದಲ್ಲಿ ಭಾರೀ ಭೂಕುಸಿತವೊಂದು ಆಗಿನ ಗಣಿಯನ್ನು ಮುಚ್ಚಿಹಾಕಿತು. ಸುಣ್ಣದ ಕಲ್ಲಿನ ಬೆಟ್ಟ ಜೇಡಿ ಮತ್ತು ಉಪ್ಪಿನ ಮೆತ್ತನೆಯ ತಳದ ಮೇಲೆ ಕೂತಿದೆ. ಜೋರು ಮಳೆ ಬಂದರೆ ಮೇಲಿನ ಮಣ್ಣು ಜಾರುವ ಭಯ ಇದ್ದೇ ಇದೆ.

ಒಳಗಿನ ಪೊಳ್ಳುಗಳ ವಿಷಯ ಬೇರೆ. ಒತ್ತಡಕ್ಕೆ ಉಪ್ಪು ಹರಿಯುತ್ತದೆ, ಹಾಗಾಗಿ ಬಿಟ್ಟುಬಿಟ್ಟ ಸುರಂಗಗಳು ನಿಧಾನವಾಗಿ ಮುಚ್ಚಿಕೊಳ್ಳುತ್ತವೆ. ಹಳೆಯ ಕಾಲದ ಕೆಲಸದ ಜಾಗಗಳು ಈಗ ಖಾಲಿ ಗುಹೆಗಳಾಗಿ ಸಿಗುವುದಿಲ್ಲ. ಮುರಿದ ಹಿಡಿಕೆ, ಉರಿದ ಚಕ್ಕೆ, ಬಟ್ಟೆ ಚಿಂದಿ ಎಲ್ಲ ಸೇರಿ ಗಟ್ಟಿಯಾದ ಉಪ್ಪಿನ ಬಂಡೆಯಾಗಿಬಿಟ್ಟಿವೆ. ಪುರಾತತ್ವದವರು ಅದನ್ನು ಯಂತ್ರದಿಂದ ಒಡೆದು, ನೀರಿನಲ್ಲಿ ಕರಗಿಸಿ ವಸ್ತುಗಳನ್ನು ಬಿಡಿಸಿಕೊಳ್ಳುತ್ತಾರೆ. ಇಲ್ಲಿ ಸಿಕ್ಕ ಉಣ್ಣೆಯ ಬಟ್ಟೆಗಳಲ್ಲಿ ಬಣ್ಣ ಕೂಡ ಉಳಿದಿದೆ. ಮಣ್ಣಿನಲ್ಲಿ ಹೂತ ಬಟ್ಟೆಗೆ ಆ ಭಾಗ್ಯ ಅಪರೂಪ.

2003ರಲ್ಲಿ ಸಿಕ್ಕ ಆ ಮರದ ಮೆಟ್ಟಿಲನ್ನು ಸಿಕ್ಕ ಜಾಗದಲ್ಲೇ ಬಿಡಬಹುದಿತ್ತಲ್ಲ?

ಬಿಟ್ಟಿದ್ದರೆ ಬೆಟ್ಟವೇ ಅದನ್ನು ಹಿಂಡಿ ಮುರಿದುಬಿಡುತ್ತಿತ್ತು. ಒಮ್ಮೆ ಸುತ್ತಲಿನ ಉಪ್ಪು ತೆಗೆದರೆ ಮತ್ತೆ ಒತ್ತಡ ಶುರುವಾಗುತ್ತದೆ. ಹಾಗಾಗಿ ಬಿಚ್ಚಿ, ಅಳತೆ ತೆಗೆದು, ಗಣಿಯೊಳಗೇ ಬೇರೆ ಕಡೆ ಗಾಜಿನ ಕೋಣೆಯಲ್ಲಿ ಮತ್ತೆ ಜೋಡಿಸಿದ್ದಾರೆ. ಅಲ್ಲಿ ತೇವಾಂಶ ಹೆಚ್ಚದ ಹಾಗೆ ನೋಡಿಕೊಳ್ಳಲೇಬೇಕು. ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಉಪ್ಪು ನೀರು ಹೀರಿ ಕರಗಲು ಶುರು ಮಾಡುತ್ತದೆ. ಆಮೇಲೆ ಒಣಗಿದರೆ ಮತ್ತೆ ಹರಳಾಗುತ್ತದೆ. ಮರದೊಳಗೆ ಇದು ಮತ್ತೆ ಮತ್ತೆ ನಡೆದರೆ ನಾರು ಸಿಡಿದುಹೋಗುತ್ತದೆ.

ಬಿಚ್ಚಿದ್ದರಿಂದ ಒಂದು ಲಾಭವೂ ಆಯಿತು, ಜೋಡಣೆ ಚೆನ್ನಾಗಿ ಅರ್ಥವಾಯಿತು. ಎರಡು ಪಕ್ಕದ ದಿಮ್ಮಿಗಳಲ್ಲಿ ಉದ್ದಕ್ಕೂ ತೋಡು ಕೊರೆದು, ಅದರೊಳಗೆ ಮೆಟ್ಟಿಲು ಹಲಗೆಗಳನ್ನು ಸಿಕ್ಕಿಸಿದ್ದಾರೆ. ಇಳಿಜಾರು ಕಡಿದಾದರೂ, ಸಪಾಟಾದರೂ ಹಲಗೆಯ ಓರೆಯನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ತುಂಡುಗಳನ್ನು ಹೊರಗೆ ಒಂದೇ ಅಳತೆಗೆ ಸಿದ್ಧ ಮಾಡಿ, ಒಳಗೆ ತಂದು ಜೋಡಿಸಿದರಾಯಿತು. ಒಂದು ಕಡೆ ಉಪ್ಪು ಮುಗಿದರೆ ಕಳಚಿ ಇನ್ನೊಂದು ಕಡೆ ಹಾಕಿಕೊಳ್ಳಬಹುದು.